ನಡುಗುವ ಕೈಗಳಿಗೆ ಉಡಿ ತುಂಬಿದವರು

ವೈನಿಯ ಉಡಿ ತುಂಬಿದ ದಿನವನ್ನು ನೆನೆದಾಗಲೆಲ್ಲ ಮೊದಲು ಬರುವುದು ಸಿಟ್ಟು, ಆಮೇಲೆ ನೆನಪು. ಈ ಕ್ರಮವೇ ನನಗೆ ಅನುಮಾನ ಹುಟ್ಟಿಸುತ್ತದೆ. ಸಿಟ್ಟು ತನಗೆ ಬೇಕಾದ ವಿವರಗಳನ್ನಷ್ಟೇ ಆರಿಸಿಕೊಳ್ಳುತ್ತದೆ. ದಿನಚರಿಯಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದೇನೆ, ನಿಜ. ಆದರೆ ಬರೆದವಳೂ ಸಿಟ್ಟಿನಲ್ಲಿದ್ದವಳೇ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಮರಾಠಿ ಸೀಮೆಯ ಚಿಂಚವಾಡದ ಒಂದು ಕಾರ್ಖಾನೆಯಲ್ಲಿದ್ದಾನೆ. ಅವರ ಕಾಲನಿಯ ಕನ್ನಡದ ಹೆಂಗಸರು ವಾರಕ್ಕೊಮ್ಮೆ ಧ್ಯಾನಕ್ಕೆ ಸೇರುತ್ತಿದ್ದರು. ನಡೆಸುತ್ತಿದ್ದ ಹಿರಿಯಾಕೆಯನ್ನು ಎಲ್ಲರೂ ಅಮ್ಮನವರು ಎನ್ನುತ್ತಿದ್ದರು. ಬೆನ್ನುಹುರಿಯ ಬುಡದಲ್ಲಿ ಸುರುಳಿ ಸುತ್ತಿ ಮಲಗಿದ ಕುಂಡಲಿನಿ ಎದ್ದು ನೆತ್ತಿಗೆ ಏರುತ್ತಾಳೆ ಎಂಬುದು ಅಲ್ಲಿಯ ಪಾಠ. ಆ ಪಾಠದ ಮೇಲೆ ನನಗೆ ಸಿಟ್ಟಿಲ್ಲ. ನಾನು ತತ್ವಶಾಸ್ತ್ರ ಓದಿದವಳು. ಆ ದಾರಿ ಹಿಡಿದ ಹಳಬರು ಎಷ್ಟು ಎಚ್ಚರದಿಂದ ಮಾತಾಡಿದ್ದಾರೆ ಎಂದು ಬಲ್ಲೆ. ಮೈಯಲ್ಲಿ ಆದದ್ದನ್ನೆಲ್ಲ ದೇವರೆಂದು ನಂಬಬೇಡ ಎಂದು ಶಿಷ್ಯರ ಕಿವಿ ಹಿಂಡಿದವರು ಅವರು.

ಆ ಚಳಿಗಾಲ ವೈನಿ ಸೊರಗತೊಡಗಿದರು. ಊಟ ಮೊದಲಿಗಿಂತ ಹೆಚ್ಚು, ಮೈ ಮಾತ್ರ ದಿನೇ ದಿನೇ ಕಡಿಮೆ. ಎಲ್ಲರೂ ಸ್ವೆಟರ್ ಹಾಕಿಕೊಂಡಿದ್ದರೆ ಅವರು ಫ್ಯಾನಿನ ಕೆಳಗೆ ಕೂತು ಕತ್ತಿಗೆ ಒದ್ದೆ ಟವೆಲು ಸುತ್ತಿಕೊಳ್ಳುತ್ತಿದ್ದರು. ನಿದ್ದೆ ಇಲ್ಲ. ಜೋಳದ ರೊಟ್ಟಿ ಬಡಿಯುವುದರಲ್ಲಿ ಅವರನ್ನು ಮೀರಿಸುವವರು ಕಾಲನಿಯಲ್ಲಿ ಇರಲಿಲ್ಲ. ಈಗ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿಯುತ್ತಿತ್ತು. ಕೈ ನಡುಗುತ್ತಿತ್ತು. ಕಣ್ಣು ದೊಡ್ಡದಾಗಿ, ಹೊರಗೆ ಬಂದಂತೆ ಹೊಳೆಯುತ್ತಿತ್ತು. ಅಮ್ಮನವರು ಆ ಹೊಳಪಿಗೆ ತೇಜಸ್ಸು ಎಂದರು. ಸೆಕೆಗೆ ಯೋಗಾಗ್ನಿ ಎಂದರು. ನಡುಕ ಶಕ್ತಿ ಏರುವ ಲಕ್ಷಣವಾಯಿತು.

ಒಂದು ಭಾನುವಾರ ಹಡಪಸರದ ನನ್ನ ಮನೆಯಿಂದ ಅಣ್ಣನ ಮನೆಗೆ ಹೋದಾಗ ಹಾಲ್ ತುಂಬ ಹೆಂಗಸರು. ವೈನಿಯನ್ನು ಮಣೆಯ ಮೇಲೆ ಕೂರಿಸಿದ್ದರು. ನಮ್ಮಲ್ಲಿ ಮುತ್ತೈದೆಗೆ ಉಡಿ ತುಂಬುತ್ತಾರೆ, ಗುಡಿಯಲ್ಲಿ ದೇವಿಗೂ ತುಂಬುತ್ತಾರೆ. ಅಂದು ದೇವಿಗೆಂದೇ ವೈನಿಗೆ ತುಂಬಿದರು. ಸೆರಗಿನಲ್ಲಿ ಅಕ್ಕಿ, ಕುಬಸದ ಖಣ, ತೆಂಗಿನಕಾಯಿ, ಉತ್ತತ್ತಿ. ಸೆರಗು ಹಿಡಿದ ಕೈ ನಡುಗಿ ಅಕ್ಕಿ ನೆಲಕ್ಕೆ ಚೆಲ್ಲಿತು. ಹೆಂಗಸರು ಬಾಗಿ ಅದನ್ನು ಒಂದೊಂದೇ ಕಾಳಾಗಿ ಆರಿಸಿ, ಕಣ್ಣಿಗೊತ್ತಿಕೊಂಡು, ಕರ್ಚೀಫಿನಲ್ಲಿ ಕಟ್ಟಿಕೊಂಡರು.

ಅಕ್ಕಿ ಅಷ್ಟೊಂದು ಚೆಲ್ಲಿರಲಿಲ್ಲ ಎನ್ನುತ್ತಾನೆ ಅಣ್ಣ. ಇರಬಹುದು. ಆದರೆ ಒಂದು ಕಾಳಾದರೂ ಪ್ರಸಾದವಾಯಿತೋ ಇಲ್ಲವೋ?

"ನಿಂತು ಏನ ನೋಡ್ತೀರಿ? ನಮಸ್ಕಾರ ಮಾಡ್ರಿ. ದೇವಿ ಎದ್ದಾಳ," ಎಂದರು ಅಮ್ಮನವರು.

"ಕೈ ನೋಡ್ರೀ ಅವರದು. ಡಾಕ್ಟರಿಗೆ ತೋರಸಬೇಕ್ರಿ," ಎಂದೆ.

"ಡಾಕ್ಟರ್ ಗುಳಿಗಿ ಕೊಡ್ತಾನ, ಏರಿದ್ದ ಶಕ್ತಿ ಇಳೀತದ." ಆಮೇಲೆ ಉಳಿದವರತ್ತ ತಿರುಗಿ, "ಭಾಳ ಓದಿದವರದು ಹಿಂಗ ನೋಡ್ರಿ. ಅವರ ಕುಂಡಲಿನಿ ಕುರ್ಚಿಗೆ ಅಂಟಿರ್ತದ!"

ಎಲ್ಲರೂ ನಕ್ಕರು. ವೈನಿಯೂ ನಕ್ಕರು. ನಗುವಾಗ ಅವರ ಕುತ್ತಿಗೆಯ ನಾಡಿ ದೂರದಿಂದಲೇ ಕಾಣುವಷ್ಟು ಜೋರಾಗಿ ಹಾರುತ್ತಿತ್ತು.

ಹೆಂಗಸರು ಹೋದ ಮೇಲೆ ಅಣ್ಣನ ಮೇಲೆ ಹರಿಹಾಯ್ದೆ. "ಆಕಿ ಖುಷಿಯಾಗಿದ್ದಾಳ, ಬಿಡ," ಎಂದ. ವೈನಿ ಒಳಗಿನಿಂದಲೇ ಕೂಗಿದರು: "ನನ್ನ ದೇವಿನ್ನ ರೋಗ ಅನಬ್ಯಾಡ ನೀ. ಇಷ್ಟ ವರ್ಷ ಈ ಮನ್ಯಾಗ ಚಾ ಮಾಡಿದಾಕಿ. ಒಮ್ಮ್ಯಾರ ಯಾರರ ನನ್ನ ಕಾಲ ಮುಟ್ಟಿದ್ರೇನು?"

ಒಳಗೆ ಹೋಗಿ ಅವರೆದುರು ನಿಂತೆ. ಹೇಳಿದೆ: "ಖರೇ ದೇವಿ ಇದ್ರ ರಕ್ತ ತಪಾಸಣಿಗೆ ಹೆದರ್ತಾಳೇನ್ರಿ ವೈನಿ?"

ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೆದರೂದಿಲ್ಲ. ನಡಿ, ನಾಳೆನ ಹೋಗೂಣು. ಆಮ್ಯಾಲ ನಿನ್ನ ಬಾಯಿ ಮುಚ್ಚತದ," ಎಂದರು. ಮರುದಿನ ನನ್ನ, ಅಣ್ಣನ ಜೊತೆ ಆಸ್ಪತ್ರೆಗೆ ಹಟಕ್ಕೇ ಬಂದರು.

ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿತ್ತು. ಹೃದಯದ ಬಡಿತ ಆಗಲೇ ತಾಳ ತಪ್ಪಿತ್ತು. ಇನ್ನಷ್ಟು ತಡ ಮಾಡಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು ಎಂದು ಡಾಕ್ಟರು ಮರಾಠಿಯಲ್ಲಿ ಅಣ್ಣನನ್ನು ಬೈದರು.

ಗುಳಿಗೆ ಶುರುವಾದ ಮೇಲೆ ಮೈ ತುಂಬಿಕೊಂಡಿತು, ಕೈಯ ನಡುಕ ನಿಂತಿತು. ಅಮ್ಮನವರು ಬಂದು ನೋಡಲಿಲ್ಲ. "ಪಾತ್ರಿ ಸೋರಿತು," ಎಂದರಂತೆ. ಅಂದರೆ ದೇವಿ ಬಂದಿದ್ದಳು, ಹಿಡಿದಿಟ್ಟುಕೊಳ್ಳುವ ಯೋಗ್ಯತೆ ಈ ಹೆಂಗಸಿಗೆ ಇರಲಿಲ್ಲ! ರೋಗ ಬಂದಾಗ ಮೆರೆಸಿದವರು, ವಾಸಿಯಾದದ್ದನ್ನು ತಪ್ಪು ಮಾಡಿಬಿಟ್ಟರು.

ಒಂದು ಮಧ್ಯಾಹ್ನ ವೈನಿ ಕೇಳಿದರು: "ಖರೇ ಹೇಳು. ಅದರಾಗ ಒಂದ್ ಚೂರೂ ದೇವಿ ಇರಲಿಲ್ಲೇನು? ಜಡ್ಡಿಗೂ ಮದಲ, ಒಂದಿನ ಧ್ಯಾನಕ್ಕ ಕೂತಾಗ ಎಲ್ಲಾ ನಿಂತಿತ್ತು. ಕುಕ್ಕರ್ ಶೀಟಿ ಸುದ್ದಾ ದೂರ ಎಲ್ಲೋ ಕೇಳಿದಂಗ ಆಗಿತ್ತು. ಅದೂ ಥೈರಾಯ್ಡ್ ಏನು?"

ನನಗೆ ಗೊತ್ತಿಲ್ಲ ಎಂದೆ. ಇಂದಿಗೂ ಗೊತ್ತಿಲ್ಲ. ನನ್ನ ಸಿಟ್ಟು ಕುದಿಯುವುದು ಇಲ್ಲಿಯೇ. ಆ ಒಂದು ನಿಶ್ಶಬ್ದ ನಿಜವಿದ್ದಿರಬಹುದು. ಅದರ ಬಗ್ಗೆ ಯಾರೂ ಅವರನ್ನು ಕೇಳಲಿಲ್ಲ. ನಡುಕ ಎಲ್ಲರಿಗೂ ಕಾಣುತ್ತಿತ್ತು, ಅದನ್ನೇ ದೇವಿ ಎಂದರು. ನಡುಕ ಹೋದಾಗ ಆ ನಿಶ್ಶಬ್ದವನ್ನೂ ಜೊತೆಗೇ ಒಯ್ದುಬಿಟ್ಟರು.

ಮೊನ್ನೆ ನಾನು ಅಣ್ಣನ ಮನೆಯಲ್ಲಿದ್ದಾಗ ಕಾಲನಿಯ ಯಾರೋ ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದರು. ಉಡಿ ತುಂಬಿದ ದಿನದ್ದು. ಧ್ಯಾನಕ್ಕೆ ಹೊಸದಾಗಿ ಸೇರುವವರಿಗೆ ಶಕ್ತಿ ಏಳುವುದು ಹೇಗಿರುತ್ತದೆ ಎಂದು ತೋರಿಸಲು ಅದನ್ನೇ ಬಳಸುತ್ತಿದ್ದರು. ನಾನು ಕೂಡಲೇ ವೈನಿಯ ಎದುರಿಗೇ ಅಮ್ಮನವರಿಗೆ ಫೋನ್ ಹಚ್ಚಿ, ಸ್ಪೀಕರಿನಲ್ಲಿಟ್ಟು, ಅದನ್ನು ತೆಗೆಯಿರಿ ಎಂದೆ.

"ಅದು ನಿಮ್ಮದಲ್ಲ, ನಿಮ್ಮ ವೈನಿದೂ ಅಲ್ಲ," ಎಂದರು ಅವರು ಮೆತ್ತಗೆ. "ಅದು ದೇವಿದು."

ನಾನು ಬಾಯಿ ತೆರೆಯುವ ಮೊದಲೇ ವೈನಿ ಫೋನ್ ಕಸಿದುಕೊಂಡರು.

"ದೇವಿದ ಇರಲಿ ಬಿಡ್ರಿ, ಅಮ್ಮಾರ. ಆ ಕೈ ನನ್ನವು. ಇವತ್ತ ತಗೀರಿ. ಇಲ್ಲಂದ್ರ ಬರೂ ವಾರ ನಾನ ಬಂದು, ಹೊಸಬರ ಮುಂದ ಕೂತು, ಇದಕ್ಕ ಏನ ಗುಳಿಗಿ ಅಂತ ಹೇಳ್ತೀನಿ."

ಫೋನ್ ಇಟ್ಟ ವೈನಿ ನನ್ನತ್ತ ನೋಡದೆ ಒಳಗೆ ಹೋಗಿ ಕದ ಮುಚ್ಚಿಕೊಂಡರು. ಅತ್ತರೋ, ಧ್ಯಾನಕ್ಕೆ ಕೂತರೋ ನನಗೆ ತಿಳಿಯದು. ನಾನು ಕದ ತಟ್ಟಲಿಲ್ಲ.