ಕರೆಗಂಟೆಯೊಳಗಿನ ಅಪ್ಪ

ಮೊನ್ನೆ ಮಧ್ಯಾಹ್ನ ನಮ್ಮ ಚಾಮರಾಜಪೇಟೆ ಮನೆಯ ಬೆಲ್ ಒತ್ತಿದ ಕೊರಿಯರ್‌ನವನಿಗೆ ನಮ್ಮಪ್ಪ ಉತ್ತರ ಕೊಟ್ಟರು. "ಇರಿ, ಬಂದೆ."

ಅಪ್ಪ ತೀರಿಕೊಂಡು ವರ್ಷ ಕಳೆದಿದೆ.

ಹೆದರಬೇಡಿ, ಕಿತಾಪತಿ ನನ್ನದೇ. (ಹೆದರಿದ್ದೂ ನಾನೇ.) ನನ್ನದು ಪ್ರೋಗ್ರಾಮ್ ಬರೆಯುವ ಕೆಲಸ. ಅದರಲ್ಲಿ ಮೊದಲು ಬರೆದ ಕೋಡು ಪೇರೆಂಟ್ ಕ್ಲಾಸ್, ಅಂದರೆ ಅಪ್ಪ; ಅದರ ಮೇಲೆ ಕಟ್ಟಿದ್ದು ಚೈಲ್ಡ್, ಅಂದರೆ ಮಗ. ಮಗ ತನ್ನ ರೀತಿಯಲ್ಲಿ ಒಂದು ಕೆಲಸ ಮಾಡುತ್ತಾ, ಅದನ್ನೇ ಅಪ್ಪನ ಕೈಯಲ್ಲೂ ಮಾಡಿಸಬೇಕೆಂದರೆ ಉದ್ದದ ಸಾಲು ಬರೆದು ಕರೆಯಬೇಕು. ತಿಥಿಯಲ್ಲಿ ಗೋತ್ರ, ಹೆಸರು, ಮೂರು ತಲೆಮಾರು ಹೇಳಿ ಕರೆಯುವುದಿಲ್ಲವೇ, ಹಾಗೆ. ಎರಡೂ ಕಡೆ ನಾನು ತಡವರಿಸುವವನೇ.

ಹಾಗಾಗಿ, ಹವ್ಯಾಸಕ್ಕೆ ಕಟ್ಟುತ್ತಿರುವ ನನ್ನದೇ ಪುಟ್ಟ ಭಾಷೆಯಲ್ಲಿ ಆ ಸಾಲನ್ನೇ ಕಿತ್ತುಹಾಕಿದೆ. ಕರೆಯುವುದೇ ಬೇಡ, ಅಪ್ಪನ ಪಾಲಿನ ಕೆಲಸ ತಾನಾಗಿ ಮೊದಲು ನಡೆಯಲಿ. ಎಷ್ಟು ಸಿಂಪಲ್, ಅಲ್ಲವೇ?

ಟೆಸ್ಟ್ ಮಾಡಲು ಮನೆಯ ಬೆಲ್ಲೇ ಸಿಕ್ಕಿತು; ಒತ್ತಿದರೆ ಮಾತಾಡುವ ಆ ಬೆಲ್ಲಿನ ಕೋಡನ್ನು ಹೊಸ ಭಾಷೆಗೆ ಬದಲಿಸಿದೆ. ಅದರಲ್ಲಿ ಹಿಂದೆ ಅಪ್ಪನ ದನಿ ರೆಕಾರ್ಡ್ ಮಾಡಿ ಹಾಕಿದ್ದೆ. ಅವರು ಹೋದಮೇಲೆ ಅಳಿಸಲು ಮನಸ್ಸಾಗದೆ, ಮೇಲೊಂದು ಚೈಲ್ಡ್ ಬರೆದು ನನ್ನ ದನಿ ಕೂರಿಸಿದ್ದೆ. ಅಡಿಯಲ್ಲಿ ಅಪ್ಪ ಇದ್ದಾರೆ ಅನ್ನುವುದು ಹೊಸ ಭಾಷೆಯ ಉಮೇದಿನಲ್ಲಿ ಮರೆತೇಹೋಗಿತ್ತು.

ಮೊನ್ನೆ ಬೆಲ್ಲಿನಿಂದ ಅಪ್ಪನ ದನಿ ಬಂದಾಗ, ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮ ತಲೆ ಕೂಡ ಎತ್ತಲಿಲ್ಲ. "ನೀವ್ ಕೂತ್ಕೊಳಿ, ನಾನ್ ನೋಡ್ತೀನಿ" ಅಂದರು. ನನಗೆ ಹೇಳಿದ್ದಲ್ಲ.

ಆಮೇಲೆ ಅವರ ಕೈ ನಿಂತಿತು. ಅಪ್ಪ ಬರುತ್ತಾರೇನೋ ಅಂತ ಬಾಗಿಲ ಕಡೆ ನೋಡುವುದನ್ನು ಅಮ್ಮ ಈಚೆಗಷ್ಟೇ ಬಿಟ್ಟಿದ್ದರು.

ಅಂದೇ ನನ್ನ ಭಾಷೆಯ ಸಿಂಟ್ಯಾಕ್ಸ್, ಅಂದರೆ ಬರೆಯುವ ನಿಯಮ, ತಿದ್ದಿದೆ. ಈಗ 'ಅಪ್ಪ' ಅಂತ ಒಂದೇ ಪದ ಬರೆದರೆ ಮಾತ್ರ ಪೇರೆಂಟ್ ಬರುತ್ತದೆ. ಬೆಲ್ಲಿನ ಕೋಡಿನಲ್ಲಿ ಆ ಪದ ಇಲ್ಲ. (ಮತ್ತೆ ಮತ್ತೆ ನೋಡಿದ್ದೇನೆ.) ಅಮ್ಮನಿಗೆ ಎಲ್ಲವನ್ನೂ ವಿವರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

ನಿನ್ನೆ ಮಧ್ಯಾಹ್ನ ಕರೆಂಟ್ ಇರಲಿಲ್ಲ. ಅಂದರೆ ಬೆಲ್ಲೂ ಇಲ್ಲ. ಅಡುಗೆಮನೆಯಿಂದ ಅಮ್ಮನ ಮಾತು ಕೇಳಿಸಿತು. "ನೀವ್ ಕೂತ್ಕೊಳಿ, ನಾನ್ ನೋಡ್ತೀನಿ."

ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲು ತೆಗೆದರು. ಹೊರಗೆ ಯಾರೂ ಇರಲಿಲ್ಲ. ಆದರೂ ಅಮ್ಮ ಪಕ್ಕಕ್ಕೆ ಸರಿದು, ಒಳಗೆ ಬರಲು ದಾರಿ ಬಿಟ್ಟು ನಿಂತರು.

ತಿಥಿಯಲ್ಲಿ ಅಷ್ಟುದ್ದ ಕರೆದ ಮೇಲೆ, ಕೊನೆಗೆ ಕಳಿಸಿಕೊಡುವ ಮಂತ್ರವೂ ಇರುತ್ತದೆ. ನಾನು ಕರೆಯುವುದನ್ನಷ್ಟೇ ಸುಲಭ ಮಾಡಿದೆ.

ಕಳಿಸಿಕೊಡುವ ಪದವನ್ನು ಈಗ ಯಾವ ಸಾಲಿನಲ್ಲಿ ಬರೆಯಲಿ?