ಕರೀ ಕಾರಿನ ಗೀರು

ಆಗ ನನಗೆ ಅರವತ್ತೊಂದು. ಈ ಮಾತಿಗೆ ಇಪ್ಪತ್ತು ವರ್ಷ ಆಯಿತು. ಗಂಡ ತೀರಿಕೊಂಡ ಮೇಲೆ ಸಿಯಾಲ್ದಾದ ರೈಲ್ವೆ ಕ್ವಾರ್ಟರ್ಸ್ ಬಿಟ್ಟುಕೊಟ್ಟು, ಬೆಹಾಲಾದಲ್ಲಿ ಮಗಳ ಫ್ಲ್ಯಾಟಿಗೆ ಬಂದಿದ್ದೆ. ಅಳಿಯ ಬೆಂಗಳೂರಿನವನು, ಸಾಲ್ಟ್ ಲೇಕಿನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಆ ವರ್ಷ ಅವನ ಆಫೀಸಿನವರೆಲ್ಲ ಕಾರು ತಗೊಂಡರು, ಇವನೂ ತಗೊಂಡ. ಬಿಳೀದು ತಗೋಬಹುದಿತ್ತು, ಬೂದಿ ಬಣ್ಣದ್ದು ತಗೋಬಹುದಿತ್ತು. ಈ ಬೆಂಗಾಲಿ ಊರಿನ ಧೂಳಿನಲ್ಲಿ ಕರೀದು ತಗೊಂಡ.

ಮೂರು ತಿಂಗಳು ಸುಖವಾಗಿದ್ದ. ಆಮೇಲೊಂದು ಭಾನುವಾರ ಬೆಳಿಗ್ಗೆ ಅವನು ಕೂಗಿದ್ದು ಎರಡನೇ ಮಹಡಿಗೆ ಕೇಳಿಸಿತು. ಯಾರೋ ಬಿದ್ದರು ಅಂದುಕೊಂಡು ನಾನೂ ಮಗಳೂ ಇಳಿದು ಓಡಿದೆವು. ಬಿದ್ದದ್ದು ಬಿಸಿಲು, ಬಾನೆಟ್ಟಿನ ಮೇಲೆ. ಅದರಲ್ಲಿ ಜೇಡ ಬಲೆ ಕಟ್ಟಿದ ಹಾಗೆ ಸುತ್ತು ಸುತ್ತು ಸಣ್ಣ ಗೀರು. ನೆರಳಿನಲ್ಲಿ ನೋಡಿದರೆ ಏನೂ ಇಲ್ಲ.

"ಆ ಮುದುಕನೇ ಮಾಡಿರೋದು," ಅಂದ.

ಮುದುಕ ಅಂದರೆ ನಮ್ಮ ಗಲ್ಲಿಯಲ್ಲಿ ಕಾರು ತೊಳೆಯುವವನು. ಬಿಹಾರದವನು, ನನ್ನ ವಯಸ್ಸೇ. ನಮ್ಮದೂ ಸೇರಿ ನಾಲ್ಕು ಕಾರು ತೊಳೆದು ಅವನ ಹೊಟ್ಟೆ ನಡೆಯುತ್ತಿತ್ತು. ಅಳಿಯ ಅವನನ್ನು ಬಿಡಿಸಿದ. ಅಷ್ಟಕ್ಕೇ ಸುಮ್ಮನಿದ್ದನೇ? ಉಳಿದ ಮೂರು ಮನೆಗೂ ಹೋಗಿ ಇವನು ನಿಮ್ಮ ಗಾಡಿಯನ್ನೂ ಕೆಡಿಸುತ್ತಾನೆ ಅಂತ ಹೇಳಿ ಬಂದ. ಸೋಮವಾರ ನೋಡಿದರೆ ಮುದುಕ ನಲ್ಲಿಯ ಹತ್ತಿರ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದ. ನಾಲ್ಕೂ ಹೋಗಿದ್ದವು.

ಗೀರು ಹಾಕಿದ್ದು ಯಾರು ಅಂತ ನನಗೆ ಗೊತ್ತಿತ್ತು. ದಿನಾ ಬಾಲ್ಕನಿಯಲ್ಲಿ ಕೂತು ಚಹಾ ಕುಡಿಯುವವಳು ನಾನು. ಮುದುಕ ಮೊದಲು ನೀರು ಸುರಿದು ಧೂಳು ಇಳಿಸಿ ಆಮೇಲೆ ಒದ್ದೆ ಬಟ್ಟೆ ಆಡಿಸುತ್ತಿದ್ದ. ಅಳಿಯ ಆಫೀಸಿಗೆ ಹೊರಡುವಾಗ ಡಿಕ್ಕಿಯಲ್ಲಿ ಬೂಟು, ಕೊಡೆ ಜೊತೆ ಬಿದ್ದಿರುತ್ತಿದ್ದ ಹಳದಿ ಬಟ್ಟೆ ತೆಗೆದು, ಒಣ ಧೂಳಿನ ಮೇಲೇ ದೋಸೆ ಹಿಟ್ಟು ರುಬ್ಬಿದ ಹಾಗೆ ಗರಗರ ತಿಕ್ಕುತ್ತಿದ್ದ. ಬಟ್ಟೆ ನೆಲಕ್ಕೆ ಬಿದ್ದರೆ ಒಂದು ಸಲ ಝಾಡಿಸಿ ಮತ್ತೆ ಶುರು.

ಮಗಳಿಗೆ ಹೇಳಿದೆ.

"ಅವ್ವಾ, ನೀ ಸುಮ್ಮನಿರು. ಅವರು ನೆಟ್ಟಿನಾಗ ಎಲ್ಲಾ ಓದ್ಯಾರ."

ನಮ್ಮ ಕಡೆ ಅಳಿಯನ ಮನೆಯಲ್ಲಿ ಉಣ್ಣುವವಳು ಅಳಿಯನ ಎದುರು ಬಾಯಿ ತೆಗೆಯುವುದಿಲ್ಲ. ಆರು ದಿನ ತೆಗೆಯಲಿಲ್ಲ. ಆರು ದಿನವೂ ಮುದುಕ ನಲ್ಲಿಯ ಹತ್ತಿರ ಬಂದು ಕೂತು ಹೋದ.

ಮುಂದಿನ ಭಾನುವಾರ ಅಳಿಯ ಪಾಲಿಷ್ ಡಬ್ಬಿ ತಂದ. ಗೀರು ಕಾಣಬೇಕಲ್ಲ ಅಂತ ಗಾಡಿಯನ್ನು ನಡು ಬಿಸಿಲಿಗೇ ನಿಲ್ಲಿಸಿದ. ರೊಟ್ಟಿ ಬೇಯಿಸಬಹುದಿತ್ತು, ಅಷ್ಟು ಕಾದಿತ್ತು ಬಾನೆಟ್ಟು. ತೊಳೆಯಲೂ ಇಲ್ಲ. ಡಬ್ಬಿಯದನ್ನು ಸುರಿದ, ಅದು ಸುಣ್ಣದ ಹಾಗೆ ಒಣಗಿ ಕೂತಿತು, ಅದನ್ನು ಕೀಳಲು ಇನ್ನಷ್ಟು ತಿಕ್ಕಿದ. ಊಟಕ್ಕೆ ಮೂರು ಸಲ ಕರೆದೆ. ಸಾರು ಎರಡು ಸಲ ಬಿಸಿ ಮಾಡಿದೆ. ನಾಲ್ಕು ಗಂಟೆಗೆ ನೋಡಿದರೆ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ. ನನಗೆ ರೇಗಿತು.

"ನೆರಳಿಗೆ ತಗೋರಿ ಗಾಡಿ."

"ಅತ್ತೆ, ಇದು ನಿಮ್ಮ ಹಿತ್ತಾಳೆ ಚೊಂಬಲ್ಲ."

"ಚೊಂಬಿಗೆ ಇಷ್ಟು ಹಿಂಸಾ ಕೊಟ್ಟಿದ್ರ ಅದೂ ಹಿಂಗs ಆಗ್ತಿತ್ತು. ತಗೋರಿ ಅಂದ್ನಿ."

ನನ್ನ ಗಂಡ ರೈಲ್ವೆ ಯಾರ್ಡಿನಲ್ಲಿ ಸಾಹೇಬರು ಪ್ರಯಾಣ ಮಾಡುವ ಸಲೂನ್ ಬೋಗಿಗಳಿಗೆ ಪಾಲಿಷ್ ಹೊಡೆಯುತ್ತಿದ್ದವನು. ಇಪ್ಪತ್ತೆಂಟು ವರ್ಷ ಅವನ ಬಟ್ಟೆ ತುಂಡುಗಳನ್ನು ಒಗೆದವಳು ನಾನು. ಒರೆಸುವುದು ಬೇರೆ, ಪಾಲಿಷಿನದು ಬೇರೆ, ಕೊನೆಗೆ ಹೊಳಪಿಗೆ ಬೇರೆ. ನೆಲಕ್ಕೆ ಬಿದ್ದ ತುಂಡನ್ನು ಅವನು ಮತ್ತೆ ಮುಟ್ಟುತ್ತಿರಲಿಲ್ಲ. ನಮ್ಮ ಮನೆಗೆ ನೆಲ ಒರೆಸುವ ಬಟ್ಟೆ ಬರುತ್ತಿದ್ದದ್ದೇ ಹಾಗೆ.

ಗಾಡಿ ಗ್ಯಾರೇಜಿನ ನೆರಳಿಗೆ ಬಂತು. ಎರಡು ಬಕೆಟ್ ನೀರು ತರಿಸಿ ಚೆನ್ನಾಗಿ ತೊಳೆಸಿದೆ, ತಣ್ಣಗಾಗಲು ಬಿಟ್ಟೆ. ಗೀರಿಗೆ ಉಗುರು ಎಳೆದು ನೋಡಿದೆ, ಸಿಕ್ಕಲಿಲ್ಲ. ಉಗುರು ಸಿಕ್ಕಿದರೆ ಗೀರು ಆಳ ಇಳಿದಿದೆ ಅಂತ, ಕೈಕೆಲಸಕ್ಕೆ ಹೋಗುವುದಿಲ್ಲ. ಇದು ಮೇಲಿಂದ ಮೇಲಿನದು. ಗಂಡನ ಹಳೇ ಪಂಚೆ ಹರಿದು, ಒಂದು ತುಂಡಿಗೆ ಕಡಲೆಕಾಳಿನಷ್ಟು ಪಾಲಿಷ್ ಹಚ್ಚಿ, ಅಂಗೈಯಗಲ ಜಾಗದಲ್ಲಿ ಹಗುರವಾಗಿ ನೇರಕ್ಕೆ ಎಳೆದೆ. ಒಣಗುವ ಮೊದಲೇ ಇನ್ನೊಂದು ತುಂಡಿನಲ್ಲಿ ಒರೆಸಿದೆ. ಮತ್ತೆ ಹಚ್ಚಿದೆ, ಮತ್ತೆ ಒರೆಸಿದೆ. ಕೈ ಬಿದ್ದುಹೋಯಿತು. ಅಳಿಯ ಟಾರ್ಚ್ ಹಿಡಿದು ಬಗ್ಗಿ ನೋಡಿದ. ಬಲೆ ಇಲ್ಲ. ಅಂಗೈಯಗಲ ಕಪ್ಪು, ಅದರೊಳಗೆ ಅವನ ಮುಖ.

"ಅತ್ತೆ! ಹೋಗಿದೆ!"

ಕುಣಿಯುವುದೊಂದು ಬಾಕಿ. ಆ ಸಂಭ್ರಮದಲ್ಲಿ ಹೆಗಲ ಮೇಲಿದ್ದ ಹಳದಿ ಬಟ್ಟೆ ನೆಲಕ್ಕೆ ಬಿತ್ತು. ಎತ್ತಿಕೊಂಡ, ಝಾಡಿಸಿದ, ಪಕ್ಕದ ಜಾಗ ಒರೆಸಲು ಹೊರಟ. ನಾನು ಅವನ ಮಣಿಕಟ್ಟು ಹಿಡಿದುಬಿಟ್ಟೆ. ಬಟ್ಟೆ ಕಿತ್ತುಕೊಂಡು, ನಾನೇ ಗೀರು ತೆಗೆದ ಆ ಅಂಗೈಯಗಲದ ಮೇಲೆ ಅವನ ಹಾಗೆಯೇ ಎರಡು ಸುತ್ತು ತಿರುವಿದೆ.

"ಅತ್ತೆ! ಏನ್ ಮಾಡ್ತಿದೀರಾ?"

"ಟಾರ್ಚ್ ಹಿಡೀರಿ."

ಹಿಡಿದ. ಬಲೆ ವಾಪಸ್ ಬಂದಿತ್ತು.

"ದಿನಾ ಮುಂಜಾನೆ ನೀವು ಮಾಡೂದು ಇದನ್ನs. ಆ ಮುದುಕ ಅಲ್ಲ. ನಾಳೆ ಆ ಮೂರೂ ಮನಿಗೆ ಹೋಗಿ ಹೇಳಿ ಬರ್ರಿ."

ಅವನು ಟಾರ್ಚ್ ಆರಿಸಿದ. "ಅದನ್ನ ಹೇಗೆ ಹೇಳೋದತ್ತೆ? ಈ ಗಲ್ಲೀಲಿ ಮುಖ ಎತ್ಕೊಂಡು ಓಡಾಡ್ಬೇಕಲ್ಲ. ಬಿಡಿ, ನಾಲ್ಕು ದಿನ ಹೋದ್ರೆ ಅವರೇ ಮರೀತಾರೆ."

"ಅವರು ಮರೀತಾರ. ಅವನ ಹೊಟ್ಟಿ ಮರೀತದೇನ್ರಿ?"

ಅವನು ಪಾಲಿಷ್ ಡಬ್ಬಿ ಮುಚ್ಚಿಕೊಂಡು ಮೇಲೆ ಹೋದ. ಮೆಟ್ಟಿಲ ಹತ್ತಿರ ನಿಂತಿದ್ದ ಮಗಳು ನನ್ನನ್ನು ಕಣ್ಣಲ್ಲೇ ಸುಟ್ಟಳು.

ಮರುದಿನ ಬೆಳಿಗ್ಗೆ ಆರೂವರೆಗೆ ಚಪ್ಪಲಿ ಮೆಟ್ಟಿ ಇಳಿದೆ. ಒಂದು ಕೈಯಲ್ಲಿ ಹಳದಿ ಬಟ್ಟೆ, ಇನ್ನೊಂದರಲ್ಲಿ ಅಳಿಯ ಉಣ್ಣುವ ಸ್ಟೀಲಿನ ತಟ್ಟೆ, ಕನ್ನಡಿಯ ಹಾಗೆ ಹೊಳೆಯುವುದು. ನನಗೆ ಬರುವ ಬೆಂಗಾಲಿ ತರಕಾರಿ ಕೊಳ್ಳುವಷ್ಟು. ಮೊದಲ ಮನೆಯ ಬೆಲ್ ಒತ್ತಿದೆ. ಯಜಮಾನ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದ. ತಟ್ಟೆಗೆ ಬಟ್ಟೆ ತಿಕ್ಕಿ ಗೀರು ತೋರಿಸಿದೆ, ನಮ್ಮ ಕಾರಿನ ಕಡೆ ಕೈ ಮಾಡಿದೆ, "ಜಮಾಯಿ, ಜಮಾಯಿ" ಅಂದೆ. ಅಳಿಯ ಅನ್ನುವುದಕ್ಕೆ ಅವರ ಮಾತು ಅದು. ಅವನು ಬ್ರಷ್ ತೆಗೆದು ನಕ್ಕ. ಎರಡನೇ ಮನೆಯವನಿಗೆ ಎರಡು ಸಲ ತಿಕ್ಕಿ ತೋರಿಸಬೇಕಾಯಿತು. ಮೂರನೇ ಮನೆಯಲ್ಲಿ ಬಾಗಿಲು ತೆಗೆಯುವವರೆಗೆ ಬೆಲ್ಲಿನಿಂದ ಬೆರಳು ತೆಗೆಯಲಿಲ್ಲ. "ಬುಝೇಛಿ ಮಾಶಿಮಾ, ಬುಝೇಛಿ" ಅಂತ ಆತ ಕೈ ಮುಗಿದ, ತಿಳಿಯಿತು ಹೋಗಮ್ಮಾ ಅನ್ನುವ ಹಾಗೆ. ತಿರುಗಿ ಬರುವಾಗ ನಲ್ಲಿಯ ಹತ್ತಿರ ಮುದುಕ ಕೂತಿದ್ದ. ಹೋಗು, ಬಕೆಟ್ ತುಂಬಿಸು, ಅಂದೆ.

ಮನೆಗೆ ಬಂದು ತಟ್ಟೆ ತೊಳೆದು, ಅದರಲ್ಲೇ ಅಳಿಯನಿಗೆ ಉಪ್ಪಿಟ್ಟು ಬಡಿಸಿದೆ.