ಕಾಮಾಕ್ಷಿ ಕಲಿತ ಟ್ಯಾಂಗೋ

ಲಂಡನ್ನಿನ ಪಿನ್ನರಿನಲ್ಲಿದ್ದ ಕಾಮಾಕ್ಷಿ ಟ್ಯಾಂಗೋ ಕುಣಿತ ಕಲಿಯಲು ಹೋದದ್ದು ಗಂಡನ ಒತ್ತಾಯಕ್ಕೆ. ಡಾಕ್ಟರ್ ವೇಣುಗೋಪಾಲರೇ ಇಬ್ಬರ ಹೆಸರೂ ಬರೆದು ಫಾರಂ ತುಂಬಿದ್ದರು. ಮೂರನೇ ಪಾಠಕ್ಕೆ ಮೊದಲೇ ಫಿಸಿಯೋಥೆರಪಿಸ್ಟ್ ಒಬ್ಬಳ ಜೊತೆ ಟೂಟಿಂಗ್‌ನಲ್ಲಿ ಸಂಸಾರ ಹೂಡಿದರು. ಅದು ೧೯೯೮. ಇಂಥವರಿಗೆ ನಾನು ಬಹುವಚನ ಹಾಕುತ್ತಿರುವುದು ಬರೀ ಅಭ್ಯಾಸಬಲದಿಂದ.

ಕಾಮಾಕ್ಷಿ ಮೈಸೂರಿನವಳು, ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ದವಾಖಾನೆಯಲ್ಲಿ, ರಿಸೆಪ್ಷನಿಸ್ಟ್. ಊರವರ ಗುಟ್ಟು ಕಾಯುವ ಕೆಲಸ, ತನ್ನದನ್ನೂ ಕಾದಳು. ಕಿಂಗ್ಸ್‌ಬರಿಯಲ್ಲಿ ನಾವು ಕನ್ನಡದವರು ಹಬ್ಬಕ್ಕೆ ಸೇರಿದಾಗ ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಅವರು ಆನ್-ಕಾಲ್" ಎನ್ನುತ್ತಿದ್ದಳು. ಡಾಕ್ಟರ ಹೆಂಡತಿಗೆ ಇದಕ್ಕಿಂತ ಗಟ್ಟಿ ನೆಪ ಬೇಕೇ? ಡ್ಯೂಟಿಯಲ್ಲಿರುವ ಡಾಕ್ಟರಿಗೆ ಒಂದು ಡಬ್ಬಿ ಊಟ ಕಟ್ಟಿ ಕಳಿಸುವುದು ನಮ್ಮ ಪದ್ಧತಿ. ಅದನ್ನು ಮನೆಗೆ ಒಯ್ದು ಮಾರನೆಯ ದಿನ ತಾನೇ ತಿನ್ನುತ್ತಿದ್ದಳಂತೆ.

ಟ್ಯಾಂಗೋ ಮಾತ್ರ ಬಿಡಲಿಲ್ಲ. ಗುರುವಾರ ಸಂಜೆ ಚರ್ಚ್ ಹಾಲ್‌ಗೆ ಒಬ್ಬಳೇ ಹೋಗುತ್ತಿದ್ದಳು. ಹಾಡು ಸ್ಪ್ಯಾನಿಷ್, ಪ್ರೇಮಗೀತೆ ಇರಬೇಕೆಂದು ಮುಗುಳ್ನಗುತ್ತ ಕುಣಿಯುತ್ತಿದ್ದಳು. ಒಂದು ದಿನ, ಕಲಿಸುತ್ತಿದ್ದ ಅರ್ಜೆಂಟೀನಾದ ಮುದುಕ, "ನಗಬೇಡಿ ಮೇಡಂ, ಈ ಹಾಡಿನವನ ಹೆಂಡತಿ ಬಿಟ್ಟುಹೋಗಿದ್ದಾಳೆ" ಎಂದ. ಇವಳಿಗೆ ಕಾಲು ಕಟ್ಟಿಹಾಕಿದಂತಾಯಿತು. ಅಂದಿನಿಂದ ಒಂದೊಂದೇ ಹಾಡಿನ ಅರ್ಥ ಕೇಳತೊಡಗಿದಳು. ಹೆಚ್ಚಿನವುಗಳಲ್ಲಿ ಅದೇ ಗೋಳು. ನಂಬಿದೆ, ಹಾಳಾದೆ, ನಂಬಿದ್ದು ನನ್ನದೇ ಪೆದ್ದುತನ ಎಂದು ಗಂಡಸೊಬ್ಬ ತುಂಬಿದ ಹೆಂಡದಂಗಡಿಯಲ್ಲಿ ಎಲ್ಲರೆದುರು ಹೇಳಿಕೊಳ್ಳುತ್ತಾನೆ.

"ಗಂಡಸರು ಅತ್ತರೆ ಹಾಡಾಗತ್ತೆ ಕಣೇ, ನಾವು ಅತ್ತರೆ ರಂಪ. ಮೊದಲು ಸಿಟ್ಟೇ ಬಂತು" ಎಂದು ಅವಳು ಆಮೇಲೆ ನನಗೆ ಹೇಳಿದಳು. ಸಿಟ್ಟಿನ ಹಿಂದೆ ಹೊಟ್ಟೆಕಿಚ್ಚೂ ಬಂತಂತೆ. ಮಾನ ಹೋದೀತೆಂದು ಇವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆ ಹಾಡಿನವನು ಎಲ್ಲ ಹೇಳಿಕೊಂಡೂ ನೆಟ್ಟಗೆ ನಿಂತಿದ್ದ. ತಾನೂ ಹೇಳಬೇಕು ಎಂದುಕೊಂಡಳು. ಎರಡು ಹಬ್ಬ ಹೇಳಲಾಗದೆಯೇ ಕಳೆದವು.

೨೦೦೧ರ ಯುಗಾದಿ. ಊಟ ಮುಗಿದಿತ್ತು. ನಮ್ಮೆಲ್ಲರಿಗೂ ಹಿರಿಯರಾದ ಧಾರವಾಡದ ಸುಶೀಲಾಬಾಯಿ ಎಂದಿನಂತೆ ಡಬ್ಬಿಗೆ ಹೋಳಿಗೆ ತುಂಬುತ್ತಿದ್ದರು. ನಾನು ಪಾತ್ರೆ ಒರೆಸುತ್ತಿದ್ದೆ. ಕಾಮಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಡಬ್ಬಿ ಬೇಡ ಸುಶೀಲಕ್ಕ. ಅವರು ಆನ್-ಕಾಲ್ ಅಲ್ಲ. ನನ್ನನ್ನ ಬಿಟ್ಟು ಹೋಗಿ ಮೂರು ವರ್ಷ ಆಯ್ತು. ನಿಮಗೆಲ್ಲ ಸುಳ್ಳು ಹೇಳ್ತಿದ್ದೆ."

ನನಗೆ ನಾಚಿಕೆಯಾಯಿತು. ಟೂಟಿಂಗ್‌ನ ಹೋಟೆಲಿನಲ್ಲಿ ಡಾಕ್ಟರೂ ಆ ಫಿಸಿಯೋಥೆರಪಿಸ್ಟೂ ಎದುರುಬದುರು ಕೂತು ದೋಸೆ ತಿನ್ನುವುದನ್ನು ಮೊದಲ ವರ್ಷವೇ ಕಂಡು ಎಲ್ಲರಿಗೂ ಡಂಗುರ ಸಾರಿದವಳು ನಾನೇ. ಅಷ್ಟಾಗಿಯೂ ಪ್ರತಿ ಹಬ್ಬಕ್ಕೂ, "ಡಾಕ್ಟರು ಬರ್ಲಿಲ್ವಾ?" ಎಂದು ಕೇಳಿದವಳೂ ನಾನೇ.

ಸುಶೀಲಾಬಾಯಿ ಮುಚ್ಚಳ ಒತ್ತಿ ಡಬ್ಬಿಯನ್ನು ಅವಳ ಕೈಗಿಟ್ಟರು. "ಗೊತ್ತದವಾ. ಅವಂಗಂತ ಯಾರು ಕಟ್ಟಿದ್ರು? ಒಬ್ಬಾಕಿ ಇದ್ರ ನೀ ನೆಟ್ಟಗ ಅಡಗಿ ಮಾಡ್ಕೊಳ್ಳಂಗಿಲ್ಲಂತ ನಿನಗ ಕಟ್ಟತಿದ್ದೆ."